ಎರಡು ಸೀಸೆ, ಒಂದೇ ಮದ್ದು

ಎರಡು ವಸ್ತುಗಳು ಸರಿಸಮವಾಗಿದ್ದರೆ ಆಯುವುದು ಸುಲಭವೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅಲ್ಲಿಯೇ ಮನಸ್ಸು ತಡವರಿಸುವುದು. ನಮ್ಮ ಮೀಮಾಂಸಕರು ಈ ತೊಡಕನ್ನು ಬಹು ಹಿಂದೆಯೇ ಕಂಡಿದ್ದರು. ಯಾಗಕ್ಕೆ ಭತ್ತವೂ ಆದೀತು, ಜವೆಯೂ ಆದೀತು ಎಂದು ವಿಧಿಯಿದ್ದಾಗ ಎರಡಕ್ಕೂ ಬಲ ಸಮ; ಯಾವುದನ್ನಾದರೂ ಹಿಡಿಯಬಹುದು. ಇದಕ್ಕೆ ಅವರು 'ವಿಕಲ್ಪ'ವೆಂದು ಹೆಸರಿಟ್ಟರು. ಆದರೆ ಬೇರೆ ದಾರಿ ಇರುವ ತನಕ ವಿಕಲ್ಪಕ್ಕೆ ಎಡೆಗೊಡಬಾರದೆಂದೂ, ಅದರಲ್ಲಿ ಎಂಟು ದೋಷಗಳಿವೆಯೆಂದೂ ಎಚ್ಚರಿಸಿದರು.

ಈ ಹಳೆಯ ಚರ್ಚೆಯನ್ನು ನೆನೆಯಲು ಇಂದಿನ ಒಂದು ಸಣ್ಣ ಸಂಗತಿ ಕಾರಣ. ಬೈಮಾಟೊಪ್ರಾಸ್ಟ್ ಎಂಬುದೊಂದು ಕಣ್ಣಿನ ಮದ್ದು. ಕಣ್ಣಿನೊಳಗಿನ ಒತ್ತಡವೇರಿ ದೃಷ್ಟಿಯನ್ನು ಕಳೆಯುವ ಗ್ಲಾಕೋಮಾ ರೋಗಕ್ಕೆಂದು 2001ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಹನಿ ಹಾಕಿಕೊಂಡವರ ರೆಪ್ಪೆಗೂದಲು ನೀಳವೂ ದಟ್ಟವೂ ಆದುದು ಕಂಡುಬಂದಿತು. 2008ರಲ್ಲಿ ಅದೇ ಮದ್ದು, ಅದೇ ಶೇಕಡಾ 0.03ರ ಪ್ರಮಾಣದಲ್ಲಿ, ಲ್ಯಾಟಿಸ್ ಎಂಬ ಹೆಸರಿನಿಂದ ರೆಪ್ಪೆಯ ಚೆಲುವಿಗಾಗಿಯೂ ಅನುಮತಿ ಪಡೆಯಿತು. ಈಗ ಆ ದ್ರವ್ಯ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ, ಬೇರೆ ಬೇರೆ ಬೆಲೆಗೆ ದೊರೆಯುತ್ತದೆ. ವೈದ್ಯರ ಚೀಟಿ ಹಿಡಿದು ಅರಸೀಕೆರೆಯ ಔಷಧದಂಗಡಿಯ ಮುಂದೆ ನಿಂತ ತರುಣಿಯೊಬ್ಬಳು ಯಾವ ಸೀಸೆಯನ್ನು ಕೊಳ್ಳಬೇಕು?

ಹೆಸರಿಗೆ ಬೆಲೆ ಕೊಡುವುದು ತಪ್ಪಲ್ಲವೆನ್ನುವವರಿದ್ದಾರೆ. ಬೇಲೂರಿನ ಶಿಲ್ಪಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನು ಕೊರೆದಿಲ್ಲವೆ? ಕೊರೆದಿದ್ದಾರೆ, ನಿಜ. ಆದರೆ ಆ ಹೆಸರು ಮತ್ತೊಬ್ಬನಿಂದಾಗದ ಕೈಚಳಕಕ್ಕೆ ಸಾಕ್ಷಿ. ಒಬ್ಬ ಮದನಿಕೆ ಇನ್ನೊಬ್ಬಳಂತಿಲ್ಲ. ಮದ್ದಿನ ಗುಣವಾದರೋ ಒಂದು ಸೀಸೆ ಇನ್ನೊಂದರಂತೆಯೇ ಇರುವುದರಲ್ಲಿದೆ. ದ್ರವ್ಯ, ಪ್ರಮಾಣಗಳು ಒಂದೇ ಆಗಿ, ತಯಾರಿಕೆ ನಂಬುವಂತಿದ್ದು, ಬಳಸುವ ಬಗೆಯೂ ಒಂದೇ ಆದಾಗ, ಹೆಚ್ಚಾಗಿ ತೆತ್ತ ಹಣ ಹೆಸರಿಗೆ ಮಾತ್ರ ಸಲ್ಲುತ್ತದೆ. ಬಳಸುವ ಬಗೆ ಎಂದುದಕ್ಕೆ ಕಾರಣವಿದೆ: ರೆಪ್ಪೆಗೆಂದೇ ಅನುಮತಿ ಪಡೆದ ಮದ್ದಿನೊಡನೆ ಒಮ್ಮೆ ಬಳಸಿ ಎಸೆಯುವ ಶುಚಿಯಾದ ಕುಂಚಗಳು ಬಂದವು, ಗ್ಲಾಕೋಮಾದ ಸೀಸೆಯೊಡನೆ ಅವಿಲ್ಲ. ಅಷ್ಟರ ಮಟ್ಟಿಗೆ ಸಮವೆಂಬುದೂ ಸಮವಲ್ಲ.

ಆದರೆ ಈ ಲೆಕ್ಕಾಚಾರದಲ್ಲಿ ಒಂದು ಮೋಸವಿದೆ. ಎರಡರಲ್ಲಿ ಯಾವುದು ಎಂದು ಕೇಳುತ್ತ ಕುಳಿತವರು ಎರಡೂ ಬೇಡವೆಂಬ ಮೂರನೆಯ ದಾರಿಯನ್ನು ಮರೆತೇಬಿಡುತ್ತಾರೆ. ಸೀಸೆ ಅಗ್ಗದ್ದಾದರೂ ದುಬಾರಿಯದಾದರೂ ಕಣ್ಣು ಕೆಂಪಾಗಬಹುದು, ರೆಪ್ಪೆಯ ಚರ್ಮ ಕಪ್ಪಾಗಬಹುದು; ಅಪರೂಪಕ್ಕೆ ಕಣ್ಣಾಲಿಯ ಬಣ್ಣ ಗಾಢವಾಗಿ ಹಾಗೆಯೇ ಉಳಿದುಬಿಡಬಹುದು. ಫಲ ಪೂರ್ಣವಾಗಿ ಕಾಣಲು ಸುಮಾರು 16 ವಾರ ಬೇಕು. ಬಿಟ್ಟರೆ ರೆಪ್ಪೆ ಕ್ರಮೇಣ ಮೊದಲಿನಂತಾಗುತ್ತದೆ. ಬೆಲೆ ಇಳಿದ ಮಾತ್ರಕ್ಕೆ ಅಪಾಯ ಇಳಿಯುವುದಿಲ್ಲ. ದೃಷ್ಟಿ ಉಳಿಸಿಕೊಳ್ಳಲೆಂದು ಅದೇ ಹನಿಯನ್ನು ದಿನವೂ ಹಾಕಿಕೊಳ್ಳುವ ಮುದುಕಿಗೆ ಮೂರನೆಯ ದಾರಿ ಸುಲಭವಲ್ಲ. ಅಗ್ಗದ ಸೀಸೆ ದೊರೆತರೆ ಅವಳಿಗೆ ಅದೇ ಬೆಳಕು. ತರುಣಿಗೆ ಆ ದಾರಿ ತೆರೆದಿದೆ. ಆದ್ದರಿಂದಲೇ ಅವಳು ಹೆಚ್ಚು ಯೋಚಿಸಬೇಕು.

ಹಾಗೆಂದು ಚೆಲುವಿನ ಬಯಕೆಯನ್ನು ಹೀಗಳೆಯಲಾಗದು. ಬೇಲೂರಿನ ದರ್ಪಣಸುಂದರಿ ದೇವಾಲಯದ ಗೋಡೆಯ ಮೇಲೆಯೇ ಕನ್ನಡಿ ಹಿಡಿದು ನಿಂತಿದ್ದಾಳೆ. ಅವಳನ್ನು ಅಲ್ಲಿಂದ ಯಾರೂ ಇಳಿಸಲಿಲ್ಲ. ರೋಗದಿಂದಲೋ ಔಷಧದಿಂದಲೋ ರೆಪ್ಪೆ ಉದುರಿದವಳ ನೋವನ್ನು ಶೋಕಿಯೆನ್ನುವುದು ಕ್ರೌರ್ಯವೇ ಸರಿ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ, ಶಾಂತಲೇಶ್ವರರ ಗುಡಿಗಳು ಸರಿಸಮವಾಗಿ ಅಕ್ಕಪಕ್ಕ ನಿಂತಿವೆ. ಯಾವ ಬಾಗಿಲಿನಿಂದ ಹೊಕ್ಕರೂ ನಷ್ಟವಿಲ್ಲ. ಆದರೆ ಬಾಗಿಲವರೆಗೆ ಬಂದವರು ತಾವು ಬಂದುದೇಕೆಂದು ತಿಳಿದಿರಬೇಕು. ಸಮವಾದುವುಗಳ ನಡುವೆ ಆಯಲು ಜೇಬಿನ ಲೆಕ್ಕ ಸಾಕು. ಬೇಕೇ ಬೇಡವೇ ಎಂಬ ಲೆಕ್ಕವನ್ನಾದರೋ ವೈದ್ಯರ ಚೀಟಿಯಾಗಲಿ ಅಂಗಡಿಯವನಾಗಲಿ ನಮಗಾಗಿ ಮಾಡಿಕೊಡುವಂತಿಲ್ಲ.