ಕೊಡಲಿಯ ಕಾವು



ಸಕಲ ಪ್ರಾಣಿಗಳಲ್ಲಿಯೂ ದಯೆಯಿರಬೇಕೆಂದು ಬಸವಣ್ಣನವರು ಬೋಧಿಸಿದುದನ್ನು ನಾವು ಬಾಲ್ಯದಿಂದಲೂ ಕೇಳಿದವರೇ. ಆದರೆ ಆ ದಯೆಯು ಮೂಕಪ್ರಾಣಿಗೆ ನಾವು ಮಾಡುವ ಉಪಕಾರವೆಂದು ಹಲವರು ಭಾವಿಸಿರುವರು. ಅದು ನಮ್ಮ ಪ್ರಾಣರಕ್ಷಣೆಯೂ ಹೌದೆಂಬುದಕ್ಕೆ ಮಲೆನಾಡಿನದೇ ಒಂದು ದೃಷ್ಟಾಂತವುಂಟು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳವರೂ ತೀವ್ರ ಜ್ವರದಿಂದ ಮಲಗಿದರು. ಕೆಲವರು ಏಳಲೇ ಇಲ್ಲ. ಜನರು ಅದನ್ನು ಮಂಗನ ಕಾಯಿಲೆಯೆಂದು ಕರೆದರು. ಪಾಪ, ಮಂಗನೂ ನಮ್ಮಂತೆಯೇ ರೋಗಿ. ಹೆಸರು ಮಾತ್ರ ಅದರ ತಲೆಗೆ ಬಂದಿತು. ವೈರಾಣುವನ್ನು ಹೊತ್ತು ತಿರುಗುವುದು ಉಣುಗು, ಎಂದರೆ ದನಗಳ ಮೈಗೂ ಕಚ್ಚಿಕೊಳ್ಳುವ ಉಣ್ಣೆಹುಳು. ಮಂಗ ಸತ್ತೊಡನೆ ಅದರ ಮೈಯ ಉಣುಗುಗಳು ತರಗೆಲೆಗಳ ಮೇಲೆ ಉದುರುವುವು. ಸೌದೆಗೆಂದು, ಸೊಪ್ಪಿಗೆಂದು ಹೋದವರನ್ನು ಅವು ಕಚ್ಚುವುವು. ಕಾಡು ಅಖಂಡವಾಗಿದ್ದರೆ ಮಂಗನ ಬಾಳು ಮಂಗನಿಗೆ, ನಮ್ಮದು ನಮಗೆ. ಅದನ್ನು ಕಡಿದು ತುಂಡುತುಂಡು ಮಾಡಿದಷ್ಟೂ ಮಂಗ, ದನ, ಮನುಷ್ಯ ಮೂವರೂ ಒಂದೇ ಅಂಚಿನಲ್ಲಿ ಸಂಧಿಸುವರು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಈ ರೋಗವು ಅನೇಕರನ್ನು ಬಲಿಗೊಂಡಿತು. ಹಳೆಯ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಅದನ್ನೂ ನಿಲ್ಲಿಸಲಾಯಿತು.

ಪ್ರವಚನದಲ್ಲಿ ಮತದಾನದ ಮಾತೇಕೆಂದು ಯಾರಾದರೂ ಕೇಳಬಹುದು. ಕೊಡಲಿಯ ಕಾವು ಕುಲಕ್ಕೆ ಮೃತ್ಯುವೆಂಬ ಗಾದೆಯನ್ನು ಬಲ್ಲಿರಿ. ಯಾವ ಕಾಡನ್ನು ಯಾವ ರಸ್ತೆ ಸೀಳಬೇಕು, ಆರೋಗ್ಯ ಕೇಂದ್ರಕ್ಕೆ ವೈದ್ಯರು ಬರಬೇಕೋ ಬೇಡವೋ ಎಂಬುದನ್ನು ನಿರ್ಣಯಿಸುವವರು ನಾವು ಆರಿಸಿದವರೇ. ನಾವು ಕೊಟ್ಟ ಮತವೇ ಆ ಕಾವು. ಕಾಯಕವು ಸತ್ಯಶುದ್ಧವಾಗಿರಬೇಕೆಂದು ಶರಣರು ಕಟ್ಟುನಿಟ್ಟು ಮಾಡಿದರು. ಮತ ಹಾಕುವುದೂ ಒಂದು ಕಾಯಕವಲ್ಲವೆ? ಅದನ್ನು ಒಂದು ಸೀರೆಗೋ ಒಂದು ನೋಟಿಗೋ ಮಾರುವವರು ಮುಂದೆ ಜ್ವರದಲ್ಲಿ ಮಲಗುವ ನೆರೆಯವನ ಪಾಲನ್ನೂ ಮಾರಿದಂತೆಯೇ.

ಕಾಡಿನಂಚಿನ ತುಂಡುನೆಲಕ್ಕಾಗಿ ಹಂಬಲಿಸುವ ಬಡವನನ್ನು ನಾನು ನಿಂದಿಸಲಾರೆ. ಉಣುಗು ಮೊದಲು ಕಚ್ಚುವುದು ಅವನನ್ನೇ. ಕಾಡನ್ನೇ ಹಂಚುತ್ತೇನೆಂದು ಅವನಿಗೆ ಮಾತು ಕೊಟ್ಟು ಮತ ಪಡೆಯುವವನು ಆ ಅಂಚಿನಲ್ಲಿ ಮನೆ ಕಟ್ಟಿಕೊಳ್ಳನು.

2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಪಂಚಾಯತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರತಕ್ಕದ್ದು. ನಿಮ್ಮೂರಿನ ಸಮಿತಿಯವರು ಯಾರು, ಕೂಡಿದ್ದು ಎಂದು ಎಂಬುದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ. ಮಾಗಿಯಿಂದ ಬೇಸಗೆಯವರೆಗೆ ಮರದಡಿ ಸತ್ತ ಮಂಗವನ್ನು ಕಂಡರೆ ಮುಟ್ಟದೆ, ಮಕ್ಕಳನ್ನು ಆ ಕಡೆ ಬಿಡದೆ, ಅಂದೇ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಿಳಿಸಿರಿ.