ವದಂತಿ ಪ್ರಮಾಣವೇ?

ಆಪಲ್ ಕಂಪನಿ ಪ್ರತಿವರ್ಷ ಜೂನ್‌ನಲ್ಲಿ ಡೆವಲಪರ್‌ಗಳ ಸಮ್ಮೇಳನ ನಡೆಸುತ್ತದೆ. ಹೊಸ ಸಾಫ್ಟ್‌ವೇರ್‌ನಲ್ಲಿ ಏನೇನಿರುತ್ತದೆ ಎಂಬ ಸುದ್ದಿ ವಾರಗಳ ಮುಂಚೆಯೇ ಹಬ್ಬಿರುತ್ತದೆ. 2025ರ ಮೇ ತಿಂಗಳಲ್ಲಿ, ಐಫೋನ್‌ನ ಕಾರ್ಯಾಚರಣಾ ವ್ಯವಸ್ಥೆಯಾದ ಐಓಎಸ್‌ನಲ್ಲಿ 18ರ ನಂತರ ಬರುವುದು 19 ಅಲ್ಲ, 26 ಎಂಬ ಮಾತು ಹೊರಬಿತ್ತು. ಜೂನ್ 9ರಂದು ಅದು ನಿಜವಾಯಿತು. ಹಾಗಾದರೆ ಮೇ ತಿಂಗಳಲ್ಲೇ ಅದನ್ನು ನಂಬಿದವರಿಗೆ ಇದ್ದದ್ದು ಜ್ಞಾನವೇ?

ಭಾರತೀಯ ತರ್ಕಶಾಸ್ತ್ರವಾದ ನ್ಯಾಯದರ್ಶನ ಈ ಬಗೆಯ ಪ್ರಶ್ನೆಯನ್ನು ಎಂದೋ ಎತ್ತಿದೆ. ಮೊದಲು ಹೇಳಿದವರು ಯಾರೆಂದು ತಿಳಿಯದೆ ಬಾಯಿಂದ ಬಾಯಿಗೆ ಬಂದ ಮಾತು ಅಲ್ಲಿ ಐತಿಹ್ಯ. ಆ ದರ್ಶನದ ಮೂಲಗ್ರಂಥವಾದ ಗೌತಮನ ಸೂತ್ರ ಅದನ್ನು ಬೇರೆ ಪ್ರಮಾಣವೆಂದು, ಅಂದರೆ ಸರಿಯಾದ ಜ್ಞಾನದ ಬೇರೆ ಸಾಧನವೆಂದು, ಒಪ್ಪದೆ ಶಬ್ದದಲ್ಲೇ, ಅಂದರೆ ನಂಬಬಹುದಾದವರ ಮಾತಿನಲ್ಲೇ, ಸೇರಿಸುತ್ತದೆ. ಶಬ್ದ ಪ್ರಮಾಣವಾಗಲು ಹೇಳುವವನು ಆಪ್ತನಾಗಿರಬೇಕು: ವಿಷಯವನ್ನು ಕಂಡರಿತವನು, ಇದ್ದದ್ದನ್ನು ಇದ್ದಂತೆ ಹೇಳಬಯಸುವವನು. ಅವನು ಋಷಿ, ಆರ್ಯ, ಮ್ಲೇಚ್ಛ ಯಾರಾದರೂ ಸರಿ ಎನ್ನುತ್ತಾನೆ ಭಾಷ್ಯಕಾರ ವಾತ್ಸ್ಯಾಯನ. ಆ ಕಾಲಕ್ಕೆ ಇದು ಸಣ್ಣ ಔದಾರ್ಯವಲ್ಲ.

ಆದರೆ ಮುಂದೆ ಆಗಬೇಕಾದದ್ದರ ಬಗ್ಗೆ ಆಪ್ತನ ಮಾತೂ ಜಾರಬಹುದು. 2024ರಲ್ಲಿ ಆಪಲ್ ತಾನೇ ಘೋಷಿಸಿದ, ತನ್ನ ಧ್ವನಿಸಹಾಯಕ ಸಿರಿಯ ಕೆಲವು ಸೌಲಭ್ಯಗಳನ್ನು 2025ರ ಮಾರ್ಚ್‌ನಲ್ಲಿ ಮುಂದೂಡಿತು.

ಹಾಗಾದರೆ ಕೇಳಿದ ಮಾತನ್ನು ಪರೀಕ್ಷಿಸುವುದು ಹೇಗೆ? ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸ್ಥಾಪಕರಾದ ವೇದಾಂತಿ ಸಚ್ಚಿದಾನಂದೇಂದ್ರ ಸರಸ್ವತಿಗಳು ಶಾಸ್ತ್ರವಾಕ್ಯವೂ ಅನುಭವದಲ್ಲಿ ಮುಗಿಯಬೇಕೆಂದು ಒತ್ತಿ ಹೇಳಿದರು. ಅದೂ ಒಬ್ಬೊಬ್ಬರ ಅನಿಸಿಕೆಯಲ್ಲ, ಎಲ್ಲರಿಗೂ ಸಮಾನವಾದ ಅನುಭವ. ಶ್ರುತಿ, ಅಂದರೆ ವೇದ, ಹೇಳುವ ಆತ್ಮ ಈಗಾಗಲೇ ಇರುವಂಥದ್ದು. ಆದ್ದರಿಂದ ಅನುಭವದ ಆ ಪರೀಕ್ಷೆ ಇಂದೇ ಸಾಧ್ಯ. ಬರಲಿರುವ ಸಾಫ್ಟ್‌ವೇರ್‌ಗೆ ಆ ಅನುಕೂಲವಿಲ್ಲ. ಅಲ್ಲಿ ಹೇಳಿದವನನ್ನೇ ನೆಚ್ಚಬೇಕು: ಮೂಲದಲ್ಲಿ ಬಲ್ಲ ಆಪ್ತನಿದ್ದರೆ ಮೇ ತಿಂಗಳ ಸುದ್ದಿ ಪ್ರಮಾಣ. ಇಲ್ಲದಿದ್ದರೆ ಅದು ನಿಜವಾಗಿಬಿಟ್ಟ ಊಹೆ, ಅಷ್ಟೆ.