ಗೃಹಪ್ರವೇಶಕ್ಕೆ ಮೊದಲಿನ ಋಣ

ಕಟ್ಟಡವೊಂದು ಗಾಳಿಗೆ ಸೇರಿಸುವ ಇಂಗಾಲಕ್ಕೆ ಎರಡು ಕಾಲಗಳಿವೆ. ದೀಪ, ಹವಾನಿಯಂತ್ರಣ, ಬಿಸಿನೀರುಗಳಿಂದ ಬರುವುದು ವರ್ಷವರ್ಷವೂ ತುಸುತುಸುವಾಗಿ ಬರುತ್ತದೆ. ಇನ್ನೊಂದು ಗೃಹಪ್ರವೇಶದ ದಿನಕ್ಕೆ ಮೊದಲೇ ಬಹುಪಾಲು ಮುಗಿದುಹೋಗಿರುತ್ತದೆ: ಗಣಿಯಲ್ಲಿ, ಸಿಮೆಂಟಿನ ಗೂಡಿನಲ್ಲಿ, ಉಕ್ಕಿನ ಕುಲುಮೆಯಲ್ಲಿ, ಹಡಗು ಲಾರಿಗಳ ದಾರಿಯಲ್ಲಿ. ಇದು ಕಟ್ಟಡದಲ್ಲಿ ಹುದುಗಿದ ಇಂಗಾಲ. ಮೊದಲನೆಯದನ್ನು ತಡವಾಗಿಯಾದರೂ ತಿದ್ದಬಹುದು. ತಾರಸಿಗೆ ಸೌರಫಲಕ ಹಾಕಬಹುದು. ಕ್ಯಾಲಿಫೋರ್ನಿಯಾ ತನ್ನ ವಿದ್ಯುತ್ತನ್ನು 2045ರ ಹೊತ್ತಿಗೆ ಇಂಗಾಲದಿಂದ ಬಿಡಿಸಿಕೊಳ್ಳುವ ಗುರಿಯನ್ನು ಕಾಯಿದೆಯಲ್ಲೇ ಬರೆದಿಟ್ಟಿದೆ. ಹುದುಗಿದ್ದನ್ನು ಹಿಂದಕ್ಕೆ ಪಡೆಯುವ ದಾರಿ ಮಾತ್ರ ಇಲ್ಲ. ಆದ್ದರಿಂದ ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊದಂಥ ನಗರಗಳಲ್ಲಿ ಎಂಜಿನಿಯರರ ಲೆಕ್ಕದ ಹಿಂದೆಯೇ ಧರ್ಮದ ಪ್ರಶ್ನೆಯೊಂದು ಏಳುತ್ತದೆ. ಕಟ್ಟುವುದಕ್ಕಾಗಿ ಮಾಡುವ ಹಾನಿ ಎಲ್ಲಿಯವರೆಗೆ ಒಪ್ಪತಕ್ಕದ್ದು? ಆ ಹಾನಿಯ ಸಾಲ ಯಾರಿಗೆ ಸಲ್ಲಬೇಕಾದ್ದು?

ಹಾನಿಯ ಮೂಲ ಸುಣ್ಣದಕಲ್ಲಿನಲ್ಲಿದೆ. ಕೋಟ್ಯಂತರ ವರ್ಷಗಳ ಹಿಂದೆ ಕಡಲಜೀವಿಗಳು ತಮ್ಮ ಚಿಪ್ಪುಗಳಲ್ಲಿ ಕಟ್ಟಿಟ್ಟ ಇಂಗಾಲವೇ ಹೆಚ್ಚಾಗಿ ಈ ಕಲ್ಲಾಗಿದೆ. ಅದನ್ನು ಸುಟ್ಟು ಸಿಮೆಂಟು ಮಾಡುವಾಗ ನೂರು ಕಿಲೋ ಶುದ್ಧ ಸುಣ್ಣದಕಲ್ಲಿನಿಂದ ನಲವತ್ತನಾಲ್ಕು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸಿಮೆಂಟ್ ಕಾರ್ಖಾನೆಯ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಕಲ್ಲಿನಿಂದಲೇ ಬಂದದ್ದು. ಎಷ್ಟೇ ಶುದ್ಧ ಇಂಧನ ಉರಿಸಿದರೂ ಆ ಪಾಲು ಕರಗದು.

ಮನೆ ಕಟ್ಟುವುದರಲ್ಲಿ ಹಿಂಸೆಯಿದೆ ಎಂಬುದನ್ನು ಜೈನ ವಿಚಾರಧಾರೆ ಬಹಳ ಹಿಂದೆಯೇ ಕಂಡಿತ್ತು. ಮಣ್ಣು, ನೀರು, ಬೆಂಕಿ, ಗಾಳಿಗಳೇ ಒಡಲಾದ ಜೀವಗಳಿವೆಯೆಂದು ಅದು ನಂಬುತ್ತದೆ. ಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥ ಪೂರ್ತಿ ಬಿಡಬೇಕು. ಅಡುಗೆ, ಮನೆಕಟ್ಟುವಿಕೆಗಳಲ್ಲಿ ತಪ್ಪಿಸಲಾಗದೆ ಆಗುವುದು ಆರಂಭೀ ಹಿಂಸೆ. ಎರಡನೆಯದಕ್ಕೆ ಅವಕಾಶವಿದೆ ಎಂದಮಾತ್ರಕ್ಕೆ ಲಂಗುಲಗಾಮಿಲ್ಲವೆಂದಲ್ಲ. ಎಚ್ಚರದಿಂದ, ಬೇಕಾದಷ್ಟೇ ಮಾಡಬೇಕು. ಇದರ ಜೊತೆಗೇ ಪರಿಗ್ರಹ ಪರಿಮಾಣವೆಂಬ ವ್ರತವಿದೆ: ಮನೆ, ಹೊಲ, ಹಣಗಳಿಗೆ ಗೃಹಸ್ಥ ತಾನೇ ಒಂದು ಮಿತಿ ಹಾಕಿಕೊಳ್ಳಬೇಕು. ಮಿತಿ ಹಾಕಲು ಮೊದಲು ಎಣಿಸಬೇಕು.

ಎಣಿಸುವ ಕೆಲಸ ಕ್ಯಾಲಿಫೋರ್ನಿಯಾದಲ್ಲಿ ಈಗ ಕಾನೂನಾಗಿದೆ. 2024ರ ಜುಲೈ 1ರಿಂದ ಒಂದು ಲಕ್ಷ ಚದರಡಿಗಿಂತ (2026ರಿಂದ ಐವತ್ತು ಸಾವಿರಕ್ಕಿಂತ) ದೊಡ್ಡ ವಾಣಿಜ್ಯ ಕಟ್ಟಡಗಳು, ಐವತ್ತು ಸಾವಿರ ಚದರಡಿ ಮೀರಿದ ಶಾಲೆಗಳು ಮೂರರಲ್ಲಿ ಒಂದು ದಾರಿ ಹಿಡಿಯಬೇಕು: ಹಳೆಯ ಕಟ್ಟಡದ ಮೂಲ ರಚನೆ ಮತ್ತು ಹೊರಗೋಡೆಗಳಲ್ಲಿ ನೂರಕ್ಕೆ 45 ಭಾಗ ಉಳಿಸಿಕೊಳ್ಳಬೇಕು, ಇಲ್ಲವೇ ಕಟ್ಟಡದ ಆಯುಷ್ಯದುದ್ದಕ್ಕೂ ಹುದುಗುವ ಇಂಗಾಲವನ್ನೆಲ್ಲ ಲೆಕ್ಕಹಾಕಿ ಹೋಲಿಕೆಯ ಕಟ್ಟಡಕ್ಕಿಂತ ನೂರಕ್ಕೆ 10ರಷ್ಟು ಇಳಿಸಿ ತೋರಿಸಬೇಕು, ಅದೂ ಅಲ್ಲದಿದ್ದರೆ ಉಕ್ಕು, ಗಾಜು, ಕಾಂಕ್ರೀಟಿನಂಥ ಸಾಮಗ್ರಿಗಳನ್ನು ನಿಗದಿತ ಮಿತಿಯೊಳಗೆ ಆರಿಸಬೇಕು. ಹತ್ತು ಭಾಗವೆಂಬುದು ತೀರ ಸಣ್ಣ ವ್ರತ. ಆದರೂ ಹೊಸದಾಗಿ ಕಟ್ಟುವವನು ತನ್ನ ಹಾನಿಯನ್ನು ಅಂಕಿಯಲ್ಲಿ ಹೇಳಲೇಬೇಕಾಗಿ ಬಂದದ್ದು ಸಣ್ಣ ಮಾತಲ್ಲ.

ಸಾಲ ಯಾರಿಗೆ ಎಂಬುದು ಇನ್ನೂ ಕಠಿಣ. ತೈತ್ತಿರೀಯ ಸಂಹಿತೆ ಹೇಳುವ ಮೂರು ಋಣಗಳು ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಸಲ್ಲತಕ್ಕವು. ಮೂರೂ ಹಿಂದಕ್ಕೆ ನೋಡುವಂತೆ ಕಾಣುತ್ತವೆ. ಆದರೆ ಪಿತೃಋಣ ತೀರುವುದು ಸಂತಾನದಿಂದ. ಹಿಂದಿನವರಿಗೆ ಕೊಡಬೇಕಾದ್ದನ್ನು ಮುಂದಿನವರಿಗೆ ಕೊಟ್ಟು ತೀರಿಸುವ ಏರ್ಪಾಡು ಅದು. ಹಾಗಿದ್ದಲ್ಲಿ ಹುಟ್ಟಿದ ಮಗುವಿಗೆ ಬಿಸಿಯೇರಿದ ಲೋಕವನ್ನು ಒಪ್ಪಿಸಿದವನ ಋಣ ತೀರಿತೆನ್ನುವುದು ಕಷ್ಟ.

ಲಾಸ್ ಏಂಜಲೀಸಿನಲ್ಲಿ ಈ ಪ್ರಶ್ನೆ ದೇವರ ಮನೆಯ ಬಾಗಿಲಲ್ಲೇ ಎದ್ದಿತ್ತು. 1876ರ ಸೇಂಟ್ ವಿಬಿಯಾನಾ ಕೆಥೆಡ್ರಲ್ 1994ರ ಜನವರಿಯ ನಾರ್ತ್‌ರಿಜ್ ಭೂಕಂಪದಲ್ಲಿ ಜಖಂಗೊಂಡಿತು. ರಿಪೇರಿಯ ಖರ್ಚು, ಭಕ್ತರ ಸುರಕ್ಷತೆ ಎರಡನ್ನೂ ಮುಂದಿಟ್ಟು ಚರ್ಚಿನ ಆಡಳಿತ 1996ರಲ್ಲಿ ಅದನ್ನು ಕೆಡವಲು ಹೊರಟಾಗ ಲಾಸ್ ಏಂಜಲೀಸ್ ಕನ್ಸರ್ವೆನ್ಸಿ ನ್ಯಾಯಾಲಯದ ಮೂಲಕ ತಡೆಯಿತು. ಕೊನೆಗೆ ಬೇರೊಂದು ಜಾಗದಲ್ಲಿ, ಸ್ಪೇನಿನ ವಾಸ್ತುಶಿಲ್ಪಿ ರಾಫೆಲ್ ಮೊನಿಯೊ ರೂಪಿಸಿದ ಕಾಂಕ್ರೀಟಿನ ಹೊಸ ಕೆಥೆಡ್ರಲ್ 2002ರಲ್ಲಿ ತೆರೆಯಿತು. ಹಳೆಯದೂ ಗಟ್ಟಿಗೊಂಡು ಸಭೆ ಸಮಾರಂಭಗಳ ತಾಣವಾಗಿ ಉಳಿದುಕೊಂಡಿದೆ. ಅಂದಿನ ಜಗಳ ಇತಿಹಾಸದ ಹೆಸರಿನಲ್ಲಿ ನಡೆಯಿತು, ಇಂಗಾಲದ ಮಾತು ಯಾರ ಬಾಯಲ್ಲೂ ಬಂದಂತಿಲ್ಲ. ಆದರೂ ಉಳಿದ ಪ್ರತಿಯೊಂದು ಗೋಡೆಯೂ ಹೊಸದಾಗಿ ಸುಡಬೇಕಿಲ್ಲದ ಸಿಮೆಂಟು.

ಕನ್ನಡ ನಾಡಿಗೆ ಈ ವಿವೇಕ ಹೊಸದಲ್ಲ. ದೇಗುಲಗಳಿಗೆ ಕೊಟ್ಟ ದತ್ತಿಗಳನ್ನು ಹೇಳುವ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದದ್ದನ್ನು, ಬಿರುಕುಬಿಟ್ಟದ್ದನ್ನು ಸರಿಪಡಿಸಲೆಂದು ಭೂಮಿಯ ಆದಾಯವನ್ನೇ ಬಿಟ್ಟುಕೊಡುತ್ತಿದ್ದರು. ಕಟ್ಟಿಸಿದವನ ಪುಣ್ಯದ ಜೊತೆಗೆ ಉಳಿಸಿದವನ ಪುಣ್ಯಕ್ಕೂ ಕಲ್ಲಿನಲ್ಲಿ ಜಾಗವಿತ್ತು.

ಉಳಿಸಬೇಕೆಂಬ ಈ ಮಾತಿಗೆ ಎದುರಾಗಿ ಒಂದು ಬಲವಾದ ವಾದವಿದೆ. ಹೊಸ ಕೆಥೆಡ್ರಲನ್ನು ಐದು ಶತಮಾನ ಬಾಳುವಂತೆ ಯೋಚಿಸಲಾಯಿತು. ಸಾಲವನ್ನು ಐನೂರು ವರ್ಷಗಳಿಗೆ ಹಂಚಿದರೆ ಹಗುರವಲ್ಲವೇ? ಹಂಚಿಕೆ ಕಾಗದದಲ್ಲಿ ಸರಿ. ವಾತಾವರಣಕ್ಕೆ ಮಾತ್ರ ಕಂತುಗಳು ಗೊತ್ತಿಲ್ಲ. ಇಡೀ ಹೊರೆ ಮೊದಲ ವರ್ಷಗಳಲ್ಲೇ ಬೀಳುತ್ತದೆ, ಆ ಬಾಳಿಕೆಯ ಭರವಸೆಯನ್ನು ಕಾಯಬೇಕಾದವರು ಇನ್ನೂ ಹುಟ್ಟದವರು. ಬಾಳಿಕೆ ದೊಡ್ಡ ಗುಣವೇ, ಆದರೆ ಮುಂದಿನವರು ಉಳಿಸಿಕೊಂಡಾಗಲಷ್ಟೇ ಅದು ದಿಟವಾಗುತ್ತದೆ.

ಹಾಗೆ ಉಳಿಸಿಕೊಳ್ಳುವುದನ್ನು ಸುಲಭಮಾಡಿದ ಕಟ್ಟಡ ಸ್ಯಾನ್ ಡಿಯೇಗೊದ ಲಾ ಹೋಯಾದಲ್ಲಿದೆ. ಲೂಯಿ ಕಾನ್ ರೂಪಿಸಿ 1965ರಲ್ಲಿ ಮುಗಿದ ಸಾಲ್ಕ್ ಸಂಸ್ಥೆಯ ಪ್ರಯೋಗಾಲಯಗಳಲ್ಲಿ ನಡುವೆ ಕಂಬಗಳಿಲ್ಲ. ಪೈಪು, ತಂತಿಗಳಿಗೆಂದೇ ಮಹಡಿಗಳ ನಡುವೆ ಬೇರೆ ಅಂತಸ್ತುಗಳಿವೆ. ವಿಜ್ಞಾನ ಬದಲಾದಾಗ ಗೋಡೆ ಒಡೆಯದೆ ಒಳಗನ್ನು ಬದಲಿಸಬಹುದು. ಅದರ ಕಾಂಕ್ರೀಟಿಗೆ, ರೋಮನರಂತೆ, ಪೊಜೊಲಾನಾ ಎಂಬ ಜ್ವಾಲಾಮುಖಿಯ ಬೂದಿಯನ್ನು ಸೇರಿಸಿದ್ದರು. ಬಯಸಿದ್ದು ಬೆಚ್ಚನೆಯ ಬಣ್ಣ ಮತ್ತು ನೀರು ತಡೆಯುವ ಗುಣ. ಇಂದು ಸಿಮೆಂಟಿನ ಒಂದು ಪಾಲಿನ ಜಾಗಕ್ಕೆ ಅದೇ ಬಗೆಯ ಬೂದಿಯನ್ನು ಬಳಸುವುದು ಇಂಗಾಲ ಇಳಿಸುವ ಮುಖ್ಯ ಉಪಾಯಗಳಲ್ಲಿ ಒಂದು. ಕಾಂಕ್ರೀಟಿಗೆ ಮತ್ತೆ ಬಣ್ಣ ಬಳಿಯಲಿಲ್ಲ, ಲೇಪ ಹಾಕಲಿಲ್ಲ. ಅಚ್ಚಿನಿಂದ ಬಂದಂತೆಯೇ ಬಿಟ್ಟರು.

ಉಳಿಸು ಎನ್ನುವ ಮಾತು ಉಳಿಸಲು ಏನೂ ಇಲ್ಲದವರ ಮುಂದೆ ನಿಲ್ಲುವುದಿಲ್ಲ. ಬೀದಿಯಲ್ಲಿ ಮಲಗುವ ಸಾವಿರಾರು ಜನರಿರುವ ನಗರದಲ್ಲಿ ಕಟ್ಟದಿರುವುದೂ ಹಿಂಸೆಯೇ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಪ್ಯಾಲಿಸೇಡ್ಸ್ ಮತ್ತು ಈಟನ್ ಕಾಳ್ಗಿಚ್ಚುಗಳು ಹದಿನಾರು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿದವು. ಅಲ್ಲಿಯವರು ಮತ್ತೆ ಕಟ್ಟಲೇಬೇಕು. ಒಂದೇ ನಿವೇಶನ ಎರಡನೆಯ ಬಾರಿ ಅದೇ ಸಾಲ ಹೊರುತ್ತದೆ. ಆರಂಭೀ ಹಿಂಸೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು. 2024ರ ನಿಯಮ ದೊಡ್ಡ ವಾಣಿಜ್ಯ ಕಟ್ಟಡಗಳಿಗೂ ಶಾಲೆಗಳಿಗೂ ಬರೆದದ್ದು, ಒಂಟಿ ಮನೆಗಳ ಹೊಸಿಲಿಗೆ ಅದು ಬರುವುದಿಲ್ಲ. ಹಳೆಯ ತಳಪಾಯ ಬಳಸಬಹುದೇ, ಎಷ್ಟು ಕೋಣೆ ಬೇಕು, ಎಷ್ಟು ಕಾಂಕ್ರೀಟು ಸುರಿಯಬೇಕು ಎಂಬ ಲೆಕ್ಕವನ್ನು ಅಲ್ಲಿ ಮನೆಯ ಯಜಮಾನನೇ ಕೂತು ಹಾಕಬೇಕಾಗಿದೆ.